ಹಪ್ಪಳದ ಡಬ್ಬದಲ್ಲಿ ಒಣಗಿದ ರಾಕ್ಷಸ

ಪ್ಲಾಸ್ಟಿಕ್ ಯಂತ್ರಮಾನವನ ಗೊಂಬೆಯೊಂದನ್ನು ಕೂಡಿಸಿದ್ದು ನಾಲ್ಕು ದಿನದಲ್ಲಿ. ಬಣ್ಣ ಮುಗಿದದ್ದು ನಾಲ್ಕು ತಿಂಗಳಿಗೆ. ಅದರಲ್ಲಿ ಎರಡೂವರೆ ತಿಂಗಳು ಕುಮಟೆಯ ಮಳೆಯ ಪಾಲು, ಹದಿನೈದು ದಿನ ನನ್ನ ದಡ್ಡತನದ ಪಾಲು. ಉಳಿದದ್ದಷ್ಟೇ ಕೆಲಸ.

ಡಬ್ಬಿ ನನ್ನದಲ್ಲ, ಮಗನದ್ದು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಅವನು ಯುಗಾದಿಗೆ ಬಂದಾಗ ಬಟ್ಟೆಬ್ಯಾಗಿನಲ್ಲಿ ಜೋಪಾನವಾಗಿ ಹೊತ್ತು ತಂದಿದ್ದ. ರಜೆಯಲ್ಲಿ ಬಂದು ಮಾಡುತ್ತೇನೆಂದು ಕಪಾಟಿನ ಮೇಲಿಟ್ಟು, "ಆಯಿ, ಅದ್ನ ಯಾರೂ ಮುಟ್ಟಡಿ" ಎಂದು ಹೇಳಿ ಹೋದ. ಮೇ ತಿಂಗಳಲ್ಲಿ ಅವನಿಗೆ ಯಾವುದೋ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು, ಬರಲಿಲ್ಲ. ನನಗೆ ಶಾಲೆಗೆ ರಜೆ. ಹಲಸಿನ ಹಪ್ಪಳದ ಕೆಲಸ ಮುಗಿದು ಮಧ್ಯಾಹ್ನಗಳು ಖಾಲಿ ಬಿದ್ದಿದ್ದವು. ಒಂದು ದಿನ ಕಪಾಟಿನ ಧೂಳು ಹೊಡೆಯುವ ನೆಪದಲ್ಲಿ ಡಬ್ಬಿಯನ್ನು ಕೆಳಗಿಳಿಸಿದೆ. ಮುಚ್ಚಳ ತೆಗೆದು ನೋಡಿದೆ. ನೋಡಿದ ಮೇಲೆ ಮುಚ್ಚಲಿಲ್ಲ.

ಒಳಗೆ ಆಟಿಕೆ ಇರಲಿಲ್ಲ. ಕಿಟಕಿಯ ಸರಳಿನಂತೆ ಚೌಕಟ್ಟು ಕಟ್ಟಿದ ಪ್ಲಾಸ್ಟಿಕ್ ಹಾಳೆಗಳಿದ್ದವು. ಒಂದೊಂದು ಚೌಕಟ್ಟಿನಲ್ಲಿ ಹತ್ತಿಪ್ಪತ್ತು ಬಿಡಿಭಾಗಗಳು ಎಳಸು ಮಿಡಿಗಳ ಹಾಗೆ ತೊಟ್ಟಿನಿಂದ ಅಂಟಿಕೊಂಡಿದ್ದವು. ಚೌಕಟ್ಟಿಗೆ ರನ್ನರ್ ಎನ್ನುತ್ತಾರೆ, ತೊಟ್ಟಿಗೆ ಗೇಟ್. ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ ಹರಿದುಹೋಗುವ ಕಾಲುವೆಯೇ ತಣ್ಣಗಾಗಿ ಹೀಗೆ ಸರಳಾಗಿ ಉಳಿಯುತ್ತದೆ. ತೋಟಕ್ಕೆ ನೀರು ಬಿಡುವ ಹರಣಿಯ ಲೆಕ್ಕವೇ. ಜತೆಗೊಂದು ಪುಸ್ತಕ, ಪೂರ್ತಿ ಜಪಾನಿ ಭಾಷೆ. ಆದರೆ ಚಿತ್ರಗಳು ಎಷ್ಟು ಸ್ಪಷ್ಟವೆಂದರೆ ಭಾಷೆ ಬೇಕೆನ್ನಿಸಲಿಲ್ಲ. ಎ ಚೌಕಟ್ಟಿನ 7ನೇ ತುಂಡು, ಸಿ ಚೌಕಟ್ಟಿನ 12ನೇ ತುಂಡು, ನಡುವೆ ಬಾಣದ ಗುರುತು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದವಳಿಗೆ ಇಷ್ಟು ಚೆಂದದ ಪಠ್ಯಪುಸ್ತಕ ಸರ್ಕಾರದಿಂದಲೂ ಬಂದದ್ದಿಲ್ಲ.

ಡಬ್ಬಿಯ ಮೇಲೆ ಒಂಟಿಕಣ್ಣಿನ, ಹಸಿರು ಮೈಯ ಒಬ್ಬ ಭೂಪ ನಿಂತಿದ್ದ. ಎಡ ಭುಜದ ಮೇಲೆ ಮುಳ್ಳು, ಬಲ ಭುಜಕ್ಕೆ ಗುರಾಣಿ, ಬಾಯಿಯ ಜಾಗದಲ್ಲಿ ದಪ್ಪ ಕೊಳವೆ, ಕೈಯಲ್ಲಿ ಕೊಡಲಿ. ಹೆಸರು ಜಾಕು. ಆ ರಾತ್ರಿ ಮಗನಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. ಬೈಯುತ್ತಾನೆ ಅಂದುಕೊಂಡಿದ್ದೆ, ಅವನು ಅರ್ಧ ಗಂಟೆ ಪುರಾಣ ಹೇಳಿದ. 1979ರಲ್ಲಿ ಜಪಾನಿನ ಟಿವಿಯಲ್ಲಿ ಗುಂಡಮ್ ಎಂಬ ಕಾರ್ಟೂನ್ ಧಾರಾವಾಹಿ ಬಂತಂತೆ. ನೋಡುವವರಿಲ್ಲದೆ 43 ಕಂತಿಗೇ ಗಂಟು ಕಟ್ಟಿದರಂತೆ. ಮರುವರ್ಷ, 1980ರಲ್ಲಿ, ಬಂಡಾಯ್ ಕಂಪನಿ ಅದರ ಯಂತ್ರಮಾನವನ ಬಿಡಿಭಾಗಗಳನ್ನು 300 ಯೆನ್‌ಗೆ ಮಾರಲು ತಂದಾಗ ಹುಡುಗರು ಮುಗಿಬಿದ್ದರಂತೆ. ಧಾರಾವಾಹಿಯ ಹೆಸರು ಉಳಿದದ್ದರಲ್ಲಿ ಈ ಪ್ಲಾಸ್ಟಿಕ್ ಗೊಂಬೆಗಳ ಪಾಲು ದೊಡ್ಡದು. ಜಾಕು ಅದರಲ್ಲಿ ಶತ್ರು ಪಡೆಯವನು, ಸಾಲುಸಾಲಾಗಿ ಬಂದು ಸಾಯುವವನು. ಆಟ ನೋಡಿ ಬೆಳೆದ ನನಗೆ ಇದು ಕೂಡಲೇ ಅರ್ಥವಾಯಿತು. ಯಕ್ಷಗಾನದಲ್ಲೂ ರಾಜವೇಷ ಎಷ್ಟೇ ಚೆಂದವಿರಲಿ, ನಿದ್ದೆಗಣ್ಣಿನ ಮಕ್ಕಳು ಎದ್ದು ಕೂರುವುದು ರಾಕ್ಷಸನ ಬಣ್ಣದ ವೇಷ ಬಂದಾಗಲೇ.

ಅಳತೆ 1/144. ಕಥೆಯಲ್ಲಿ ಜಾಕುವಿನ ಎತ್ತರ 17.5 ಮೀಟರ್, ಅಂದರೆ ನಮ್ಮ ಹಿತ್ತಿಲಿನ ಹಳೇ ತೆಂಗಿನಮರದಷ್ಟು. ಅದನ್ನು 144ರಿಂದ ಭಾಗಿಸಿದರೆ 12 ಸೆಂಟಿಮೀಟರ್ ಚಿಲ್ಲರೆ. ಅಡಿ ಇಂಚಿನಲ್ಲಿ ಹೇಳಿದರೆ ಇನ್ನೂ ಸಲೀಸು: ಹನ್ನೆರಡು ಅಡಿಗೆ ಒಂದು ಇಂಚು. ಹಾಗಾದರೆ ಅದರ ಪಕ್ಕದಲ್ಲಿ ನಿಂತ ಆರಡಿ ಮನುಷ್ಯ ಅರ್ಧ ಇಂಚು. ಜೂನ್‌ನಲ್ಲಿ ಏಳನೇ ತರಗತಿಗೆ ಅನುಪಾತದ ಪಾಠ ಮಾಡುವಾಗ ಈ ಲೆಕ್ಕವನ್ನೇ ಹಾಕಿಸಿದೆ. ಶಾಲೆಯ ಧ್ವಜಸ್ತಂಭ, ಹೆಡ್‌ಮಾಸ್ತರು, ಅಘನಾಶಿನಿ ಸೇತುವೆ ಎಲ್ಲವನ್ನೂ ಮಕ್ಕಳು 144ರಿಂದ ಭಾಗಿಸಿ ಬಿಸಾಡಿದರು.

ಮೊದಲ ತಪ್ಪು ಮೊದಲ ಐದು ನಿಮಿಷದಲ್ಲೇ ಆಯಿತು. ತುಂಡುಗಳನ್ನು ಬಿಡಿಸಲು ಉಗುರು ಕತ್ತರಿ ಹಿಡಿದೆ. ಉಗುರು ಕತ್ತರಿಯ ಬಾಯಿ ಬಾಗಿರುತ್ತದೆ, ಹೀಗಾಗಿ ಕತ್ತರಿಸುವುದಕ್ಕಿಂತ ಹೆಚ್ಚು ಜಜ್ಜುತ್ತದೆ. ಜಜ್ಜಿದ ಜಾಗದಲ್ಲಿ ಹಸಿರು ಪ್ಲಾಸ್ಟಿಕ್ಕು ಬೆಳ್ಳಗಾಯಿತು. ಎಳೆದ ಪ್ಲಾಸ್ಟಿಕ್ ಬಾಟಲಿ ಬಿಳಿಚಿಕೊಳ್ಳುತ್ತದಲ್ಲ, ಹಾಗೆ. ಹೆಬ್ಬೆರಳ ಉಗುರಿನಿಂದ ಚೆನ್ನಾಗಿ ತೀಡಿದರೆ ಅರ್ಧಕ್ಕರ್ಧ ಹೋಗುತ್ತದೆಂದು ಮಗ ಹೇಳಿದ, ಹೋಯಿತು ಕೂಡ. ಅವನೇ ಒಂದು ನಿಪ್ಪರ್ ಕಳಿಸಿಕೊಟ್ಟ. ನೋಡಲು ಸಣ್ಣ ಇಕ್ಕಳ, ಬಾಯಿ ಮಾತ್ರ ಬ್ಲೇಡು.

ನಿಪ್ಪರಿನಲ್ಲಿ ಎರಡು ಸಲ ಕತ್ತರಿಸಬೇಕು. ಮೊದಲ ಸಲ ತುಂಡಿನಿಂದ ದೂರದಲ್ಲಿ, ತೊಟ್ಟು ಉದ್ದಕ್ಕೆ ಉಳಿಯುವ ಹಾಗೆ. ತುಂಡು ಕೈಗೆ ಬಂದ ಮೇಲೆ ಎರಡನೇ ಸಲ, ಮೈಗೆ ಕೂದಲೆಳೆಯಷ್ಟು ಬಿಟ್ಟು. ಒಂದೇ ಏಟಿಗೆ ಮೈಸಮ ಕತ್ತರಿಸಿದರೆ ಚೌಕಟ್ಟಿನ ಬಿಗಿತವೆಲ್ಲ ಆ ಒಂದು ಜಾಗದ ಮೇಲೆ ಬಿದ್ದು ಮತ್ತೆ ಬಿಳಿಚುತ್ತದೆ, ಇಲ್ಲವೇ ಕಿತ್ತು ಗುಳಿ ಬೀಳುತ್ತದೆ. ಸರಿಯಾಗಿ ಕತ್ತರಿಸಿದರೆ ಟಿಕ್ ಎಂಬ ಒಣ ಸದ್ದು. ತಪ್ಪಿದರೆ ಸದ್ದೇ ಮೆತ್ತಗೆ. ಎರಡನೇ ದಿನಕ್ಕೆ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನೆಚ್ಚಿಕೊಂಡಿದ್ದೆ. ಉಳಿದ ಮೊಟಕು ತೊಟ್ಟನ್ನು ವಾಟರ್ ಪೇಪರಿನಲ್ಲಿ ತಿಕ್ಕಬೇಕು. ಮೊದಲು ಒರಟಾದ 400, ಆಮೇಲೆ 600, ಆಮೇಲೆ ನುಣುಪಾದ 1000. ಕುಮಟಾ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೂರೂ ಸಿಕ್ಕವು. "ಯಾವ ಗಾಡಿಗೆ ಪೇಂಟು, ಅಕ್ಕೋರೆ?" ಎಂದು ಕೇಳಿದರು. ಹನ್ನೆರಡು ಸೆಂಟಿಮೀಟರಿನ ಗಾಡಿ ಎಂದು ಹೇಳುವ ಧೈರ್ಯವಾಗಲಿಲ್ಲ.

ನಿಪ್ಪರಿನ ಬಗ್ಗೆ ಇನ್ನೊಂದು ಮಾತು. ಸಮುದ್ರದ ಗಾಳಿಗೆ ಅದು ವಾರದಲ್ಲೇ ಕೆಂಪು ಕಾಣಿಸಿತು. ಅಡಕತ್ತರಿಗೆ ಅತ್ತೆ ಮಾಡುವಂತೆ ದಿನಾ ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಒರೆಸಿಡತೊಡಗಿದೆ. ಆಮೇಲೆ ತುಕ್ಕು ಹತ್ತಿರ ಸುಳಿಯಲಿಲ್ಲ. ಕೆಲಸಕ್ಕೆ ಮುಂಚೆ ಎಣ್ಣೆ ಒರೆಸುವುದನ್ನು ಮಾತ್ರ ಮರೆಯಬಾರದು. ಎಣ್ಣೆ ತಾಗಿದ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲ.

ಕೂಡಿಸುವುದರಲ್ಲಿ ಹೇಳುವಂಥದ್ದೇನಿಲ್ಲ. ಗೂಟ, ತೂತು, ಒತ್ತಿದರೆ ಕೂರುತ್ತದೆ, ಅಂಟು ಬೇಡ. ಕೀಲುಗಳ ಒಳಗೆ ಮೆತ್ತನೆಯ ಬೂದುಬಣ್ಣದ ಟೊಪ್ಪಿಗಳಿರುತ್ತವೆ. ಮೊಣಕಾಲು ಬಗ್ಗಿಸಿದರೆ ನಿಲ್ಲುವುದು ಅವುಗಳಿಂದ. ಅಂಟು ಬೇಕಾದದ್ದು ಬಂದೂಕಿಗೆ. ಅದರ ಎರಡು ಹೋಳು ಸೇರಿದ ಗೆರೆ ಎದ್ದು ಕಾಣುತ್ತಿತ್ತು. ಇದರ ಅಂಟು ಅಂಟೇ ಅಲ್ಲ, ಪ್ಲಾಸ್ಟಿಕ್ಕನ್ನು ಕರಗಿಸುವ ದ್ರವ. ಸಂದಿಗೆ ತಾಗಿಸಿದರೆ ತಾನೇ ಹರಿದುಹೋಗುತ್ತದೆ. ಎರಡೂ ಅಂಚು ಕರಗಿ, ಒತ್ತಿದಾಗ ಸಣ್ಣ ದಿಂಬಿನಂತೆ ಉಕ್ಕಿ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎರಡು ದಿನ ಬಿಟ್ಟು ತಿಕ್ಕಿದರೆ ಗೆರೆ ಇತ್ತೆಂದೇ ಗೊತ್ತಾಗುವುದಿಲ್ಲ. ಖಾಲಿ ಚೌಕಟ್ಟಿನ ಚೂರುಗಳನ್ನು ನೋವಿನ ಮುಲಾಮಿನ ಹಳೇ ಶೀಶೆಗೆ ಹಾಕಿ ಇದೇ ದ್ರವ ಹನಿಸಿಟ್ಟೆ, ಮರುದಿನಕ್ಕೆ ಹಸಿರು ಗಂಜಿ ಆಯಿತು. ಗುಳಿ ತುಂಬಲು ಅದಕ್ಕಿಂತ ಒಳ್ಳೆಯದು ಸಿಗಲಿಲ್ಲ.

ನಾಲ್ಕನೇ ದಿನ ಸಂಜೆ ಜಾಕು ಎದ್ದು ನಿಂತ. ಇವರು ಪೇಪರಿನಿಂದ ಕಣ್ಣೆತ್ತಿ "ಆತನೇ?" ಎಂದರು. ಆಯಿತು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದೀಪದ ಬೆಳಕಿನಲ್ಲಿ ಅದು ಹೊಳೆಯುತ್ತಿತ್ತು, ಜಾತ್ರೆಯಲ್ಲಿ ಸಿಗುವ ಪೀಪಿಯ ಹೊಳಪು. ತೆಳುವಾದ ಕಡೆ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು. ಡಬ್ಬಿಯ ಮೇಲಿನ ಚಿತ್ರದಲ್ಲಿದ್ದ ಭಾರ ಇದಕ್ಕಿರಲಿಲ್ಲ. ಬಣ್ಣ ಹಚ್ಚುತ್ತೇನೆಂದು ಎಲ್ಲ ಬಿಡಿಸಲು ಕೂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಕೇಳಿದರು: "ಹಸಿರೇ ಇದ್ದಲೇ, ಮತ್ತೆ ಎಂತಕ್ಕೆ ಹಸಿರು ಬಳಿಯದು?"

ಇಡೀ ನಾಲ್ಕು ತಿಂಗಳಲ್ಲಿ ಯಾರಾದರೂ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಉತ್ತರ ಗೊತ್ತಿರಲಿಲ್ಲ.

ಬಿಡಿಸುವುದು ಕೂಡಿಸುವುದಕ್ಕಿಂತ ಕಷ್ಟ. ಬಿಗಿಯಾಗಿ ಕೂತ ಗೂಟಗಳು ಬರಲೊಲ್ಲವು. ಬಣ್ಣ ಹಚ್ಚುವ ಯೋಚನೆ ಇದ್ದರೆ ಮೊದಲೇ ಗೂಟದ ತುದಿಯನ್ನು ಓರೆಯಾಗಿ ಕತ್ತರಿಸಿಕೊಳ್ಳಬೇಕಂತೆ. ಅದು ಗೊತ್ತಾಗುವ ಹೊತ್ತಿಗೆ ನನ್ನ ಎರಡು ಉಗುರು ಮುರಿದಿದ್ದವು.

ಜೂನ್ ಬಂತು. ಶಾಲೆ ಶುರು, ಮಳೆಯೂ ಶುರು. ತುಂಡುಗಳನ್ನೆಲ್ಲ ಪಾತ್ರೆ ತೊಳೆಯುವ ಸೋಪಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶು ಹಿಡಿದು ತೊಳೆದೆ. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡೂ ಕೈಯ ಬೆವರೂ ಹೋಗಬೇಕು. ಒಂದೊಂದನ್ನೂ ತೆಂಗಿನ ಕಡ್ಡಿಯ ತುದಿಗೆ ಸಿಕ್ಕಿಸಿ, ಕಡ್ಡಿಗಳನ್ನು ಬಾಳೆದಿಂಡಿಗೆ ಚುಚ್ಚಿದೆ. ಅರವತ್ತೆಂಟು ಕಡ್ಡಿ. ದೇವರ ಮುಂದೆ ಊದುಬತ್ತಿ ಚುಚ್ಚುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂತೆಂದು ನನಗೇ ಹೆಮ್ಮೆ. ಬಣ್ಣಕ್ಕೆ ಮುಂಚೆ ಅಡಿಪದರವಾಗಿ ಹೊಡೆಯುವ ಬೂದು ಬಣ್ಣದ ಪ್ರೈಮರಿನ ಸ್ಪ್ರೇ ಡಬ್ಬಿ ಬರುವುದೇ ತಡವಾಗಿತ್ತು. ಬೆಂಕಿ ಹತ್ತುವ ಸಾಮಾನಾದ್ದರಿಂದ ವಿಮಾನದಲ್ಲಿ ತರುವಂತಿಲ್ಲ, ರಸ್ತೆಯಲ್ಲೇ ಬರಬೇಕು. ಮಳೆ ಹೊಳವಾದ ಒಂದು ಭಾನುವಾರ ಖಾಲಿ ಕೊಟ್ಟಿಗೆಯಲ್ಲಿ ನಿಂತು, ಮಾಸ್ಕ್ ಹಾಕಿಕೊಂಡು ಹೊಡೆದೆ. ಎಷ್ಟು ನುಣ್ಣಗೆ ಕೂತಿತೆಂದರೆ ಇವರನ್ನು ಕರೆದು ತೋರಿಸಿದೆ.

ಇವರು ಬರುವಷ್ಟರಲ್ಲಿ ಬೂದುಗುಂಬಳದ ಮೈಯಾಗಿತ್ತು. ಕಡುಬೂದಿ ಬಣ್ಣದ ಮೇಲೆ ಬಿಳಿ ಧೂಳು ಉದುರಿಸಿದಂತೆ, ಬೆರಳಿನಲ್ಲಿ ಒರೆಸಿದರೂ ಹೋಗದ ಒಂದು ಮಂಕು. ಬಣ್ಣ ಕೆಟ್ಟದ್ದಿರಬೇಕೆಂದು ಡಬ್ಬಿಗೆ ಬೈದೆ. ಡಬ್ಬಿಯ ತಪ್ಪೇನೂ ಇರಲಿಲ್ಲ.

ಒರೆಸಿ ಹೊಸದಾಗಿ ಶುರು ಮಾಡೋಣವೆಂದು ಕನ್ನಡಿ ಪೆಟ್ಟಿಗೆಯಿಂದ ಉಗುರು ಬಣ್ಣ ತೆಗೆಯುವ ದ್ರಾವಣ ತಂದೆ. ಹತ್ತಿಯಲ್ಲಿ ಅದ್ದಿ ಮೊಣಕಾಲಿನ ತುಂಡನ್ನು ಒರೆಸಿದರೆ ಬಣ್ಣದ ಜತೆ ಮೊಣಕಾಲೂ ಬಂತು. ಅದರಲ್ಲಿರುವುದು ಅಸಿಟೋನ್, ಈ ಗೊಂಬೆ ಪಾಲಿಸ್ಟೈರೀನ್. ಒಂದು ಇನ್ನೊಂದನ್ನು ಬೆಲ್ಲದಂತೆ ಕರಗಿಸುತ್ತದೆ. ಥರ್ಮೋಕೋಲನ್ನು ಅಸಿಟೋನ್‌ನಲ್ಲಿ ಮಾಯ ಮಾಡಿ ಮಕ್ಕಳಿಗೆ ತೋರಿಸಿದವಳು ನಾನೇ, ಅದೂ ಹಿಂದಿನ ವರ್ಷವೇ! ಥರ್ಮೋಕೋಲೂ ಪಾಲಿಸ್ಟೈರೀನೇ. ಬಲ ಮೊಣಕಾಲಿನಲ್ಲಿ ನನ್ನ ಹೆಬ್ಬೆರಳ ಗುರುತು ಈಗಲೂ ಇದೆ, ಹಸಿರು ಗಂಜಿ ತುಂಬಿದರೂ ಪೂರ್ತಿ ಮುಚ್ಚಲಿಲ್ಲ.

ಬೂದಿ ಏಕೆ ಬಂತೆಂದು ತಿಳಿಯಲು ಮಾತ್ರ ಮೇಷ್ಟರಗಿರಿ ಉಪಯೋಗಕ್ಕೆ ಬಂತು. ಸ್ಪ್ರೇ ಬಣ್ಣದಲ್ಲಿರುವ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೈಯ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವ ಹಾಗೆ, ತಣ್ಣಗಾದ ಬಣ್ಣದ ಮೇಲೆ ಗಾಳಿಯ ನೀರು ಕೂರುತ್ತದೆ. ಆರದ ಬಣ್ಣದಲ್ಲಿ ಸಿಕ್ಕಿಬಿದ್ದ ಆ ನೀರೇ ಬೂದಿ. ಗಾಳಿಯಲ್ಲಿ ನೀರೆಷ್ಟಿದೆ ಎಂದು ನೋಡಲು ಶಾಲೆಯ ವಿಜ್ಞಾನ ಪೆಟ್ಟಿಗೆಯ ಎರಡು ಥರ್ಮಾಮೀಟರ್ ತಂದು ಕೊಟ್ಟಿಗೆಯಲ್ಲಿ ತೂಗಿದೆ. ಒಂದರ ಬುಡಕ್ಕೆ ಇವರ ಹಳೇ ಪಂಚೆಯ ಒದ್ದೆ ತುಂಡು. ಒಣಗಿದ್ದು 27 ಡಿಗ್ರಿ ತೋರಿಸಿತು, ಒದ್ದೆಯದ್ದು 26. ಕೋಷ್ಟಕದಲ್ಲಿ ನೋಡಿದರೆ ತೇವಾಂಶ ನೂರಕ್ಕೆ 92. ಬಟ್ಟೆಯಿಂದ ನೀರು ಆರಲಿಕ್ಕೇ ಜಾಗವಿಲ್ಲದ ಗಾಳಿ. ಸ್ಪ್ರೇ ಮಾಡುವವರು 65, 70 ದಾಟಿದರೆ ಡಬ್ಬಿ ಮುಟ್ಟಬೇಡಿ ಎನ್ನುತ್ತಾರೆ. ಆ ಮಾತು ನಂಬಿ ಕೂತರೆ ಕುಮಟೆಯಲ್ಲಿ ಡಬ್ಬಿ ಮುಟ್ಟುವುದು ದೀಪಾವಳಿ ಕಳೆದ ಮೇಲೆಯೇ.

ಹಾಗೇ ಕಾಯುತ್ತಿದ್ದೆನೋ ಏನೋ. ಆಷಾಢದಲ್ಲಿ ಗಣಪತಿ ಮಾಡಿಸಲು ಮಣೆ ಕೊಡಲು ಹೋಗಬೇಕಾಯಿತು. ನಮ್ಮ ಕಡೆ ಚೌತಿಯ ಮೂರ್ತಿಯನ್ನು ಅಂಗಡಿಯಿಂದ ಆರಿಸಿ ತರುವುದು ಈಗೀಗ. ಮನೆಯ ಮಣೆಯನ್ನು ಮೊದಲೇ ಕೊಟ್ಟು ಅದರ ಮೇಲೇ ಮಾಡಿಸಿಕೊಳ್ಳುವುದು ರೂಢಿ. ಹೆಗಡೆಗೆ ಹೋಗುವ ದಾರಿಯಲ್ಲಿ ಆಚಾರ್ರ ಮನೆ. ಜಗಲಿಯಲ್ಲಿ, ಒಳಗೆ, ಮಂಚದ ಕೆಳಗೆ ಎಲ್ಲ ಕಡೆ ಹಸಿಮಣ್ಣಿನ ಗಣಪತಿಗಳು. ಹೊರಗೆ ಧೋ ಎಂದು ಮಳೆ. ಒಳಕೋಣೆಯಲ್ಲಿ ಮಾತ್ರ ಬಿಳಿ ಬಳಿದ ಎಂಟು ಮೂರ್ತಿಗಳು ಖಟಖಟ ಒಣಗಿ ಕೂತಿದ್ದವು. ನಾನು ಮಣೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, ಇದು ಹೇಗೆ ಒಣಗಿತು?

ಆಚಾರ್ರು ನಕ್ಕು ಮೇಲೆ ತೋರಿಸಿದರು. ತಗ್ಗಿನಲ್ಲಿ ತೂಗಿದ ಮೂರು ಹಳದಿ ಬಲ್ಬು. ಬಾಗಿಲಿಗೆ ಗೋಣಿ. ಮರುದಿನ ಒಂದು ಕಡ್ಡಿಗೆ ಸಿಕ್ಕಿಸಿದ ಜಾಕುವಿನ ಭುಜ ಒಯ್ದು ತೋರಿಸಿದೆ. ಕನ್ನಡಕ ಹಣೆಗೇರಿಸಿ ತಿರುಗಿಸಿ ನೋಡಿದರು. ಏನು, ಯಾಕೆ ಎಂದು ಕೇಳಲೇ ಇಲ್ಲ.

"ಬೂದಿ ಬಡ್ಕೊಂಡದೆ ಅಕ್ಕೋರೆ. ಹೊಡೂಕೆ ಮುಂಚೆ ಸಾಮಾನು ಬಿಸಿ ಮಾಡಿದ್ರಾ?"

ಇಲ್ಲವೆಂದೆ.

"ಮೊದ್ಲು ಸಾಮಾನು ಬಿಸಿ ಆಗ್ಬೇಕು. ಮುಟ್ಟಿದ್ರೆ ಈಗಷ್ಟೇ ಇಟ್ಟ ಕೋಳಿಮೊಟ್ಟೆ ಹಾಂಗೆ ಇರ್ಬೇಕು. ಬಣ್ಣದ ಡಬ್ಬಿನೂ ಉಗುರುಬೆಚ್ಚ ನೀರಲ್ಲಿ ಇಡಿ, ಕುದಿಯೂ ನೀರಲ್ಲಿ ಇಟ್ಟುಗಿಟ್ಟೀರಿ ಮತ್ತೆ. ತೆಳೂ ಒಂದು ಕೈ ಹೊಡೀರಿ, ಕೂಡ್ಲೇ ಬಿಸಿಗೆ ವಾಪಸ್ ಇಡಿ."

ಬಲ್ಬು ಕೂರಿಸಲು ಪೆಟ್ಟಿಗೆಯೊಂದು ಬೇಕಾಯಿತು. ಮನೆಯಲ್ಲಿ ಆ ಗಾತ್ರದ್ದು ಒಂದೇ: ಅತ್ತೆಯ ಹಪ್ಪಳದ ತಗಡಿನ ಡಬ್ಬ. ಒಳಗಿದ್ದ ಹಪ್ಪಳವನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದೆ. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಇವರು ಪೇಟೆಯಿಂದ ಬಲ್ಬು ತಂದರು, ಎಲ್‌ಇಡಿ. ಬೆಳಕಿದೆ, ಬಿಸಿ ಇಲ್ಲ. ಬಿಸಿಯಾಗುವ ಹಳೇ ಬಲ್ಬು ಈಗ ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಕೊನೆಗೆ ಆಚಾರ್ರೇ ತಮ್ಮ ಸಂಗ್ರಹದಿಂದ 60 ವ್ಯಾಟಿನದೊಂದು ಕೊಟ್ಟರು. ಮುಚ್ಚಳಕ್ಕೆ ತೂತು ಕೊರೆದು, ಹೋಲ್ಡರ್ ಕೂರಿಸಿ, ಕೆಳಗೆ ಗಾಳಿಯಾಡಲು ನಾಲ್ಕು ಕಿಂಡಿ ಮಾಡಿದೆವು.

ಬಾಳೆದಿಂಡಿನ ಸಮೇತ ತುಂಡುಗಳನ್ನು ಒಳಗಿಟ್ಟು ಬಲ್ಬು ಹಾಕಿದೆ. ಒಂದು ತಾಸಿಗೆ ಮುಚ್ಚಳ ತೆಗೆದರೆ ತಗಡಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಇಡ್ಲಿ ಪಾತ್ರೆ. ಆಚಾರ್ರಿಗೆ ಹೇಳಿದಾಗ ಅವರ ಹೆಂಡತಿ ಒಳಗಿನಿಂದಲೇ ನಕ್ಕರು.

"ಬಾಳೆದಿಂಡಂದ್ರೆ ನೀರಿನ ಕೊಡಪಾನ ಅಲ್ರಾ! ಅದ್ನ ಒಳಗಿಟ್ಕೊಂಡು ಒಣಗ್ಲಿ ಅಂದ್ರೆ ಎಲ್ಲಿಂದ ಒಣಗ್ತದೆ?"

ದಿಂಡು ತೆಗೆದು ಥರ್ಮೋಕೋಲ್ ಇಟ್ಟೆ. ಥರ್ಮಾಮೀಟರ್ ಇಳಿಬಿಟ್ಟರೆ 36 ಡಿಗ್ರಿ. ಹೊರಗಿನ ಅದೇ ಗಾಳಿ, ಅದೇ ನೀರು. ಆದರೆ 27ರಿಂದ 36ಕ್ಕೆ ಬಿಸಿಯಾದಾಗ ಗಾಳಿ ಹಿಡಿದುಕೊಳ್ಳಬಲ್ಲ ನೀರಿನ ಪ್ರಮಾಣ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ತೇವಾಂಶ 92ರಿಂದ 55ರ ಸುಮಾರಿಗೆ ಇಳಿದಿತ್ತು. ಪಾಲಿಸ್ಟೈರೀನ್ ಮೆತ್ತಗಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ, ಹಾಗಾಗಿ 36ಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಬಲ್ಬಿನ ಗಾಜಿಗೆ. ಅದಕ್ಕೆ ಎರಡು ಬೆರಳು ದೂರದಲ್ಲಿದ್ದ ಬಂದೂಕಿನ ನಳಿಗೆ ಮೊದಲ ರಾತ್ರಿಯೇ ಸೊಪ್ಪಿನ ಹಾಗೆ ಬಾಗಿತು. ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿದೆ. ಸುಮಾರಾಗಿ ನೆಟ್ಟಗಿದೆ.

ಮೊಟ್ಟೆಯ ಬಿಸಿಗೆ ಬಂದ ತುಂಡನ್ನು ತೆಗೆದು, ಒಂದು ಕೈ ಹೊಡೆದು, ಹತ್ತು ಎಣಿಸುವುದರೊಳಗೆ ಡಬ್ಬಕ್ಕೆ ವಾಪಸ್. ಜುಲೈ ತಿಂಗಳ ಜಡಿಮಳೆಯಲ್ಲಿ ಪ್ರೈಮರ್ ಬೂದಿಯಿಲ್ಲದೆ ಕೂತಿತು. ಬೂದಿ ಬಡಿದ ಹಳೆಯವುಗಳ ಮೇಲೂ ಇದೇ ರೀತಿ ತೆಳುವಾಗಿ ಹೊಡೆದೆ. ಹೊಸ ಥಿನ್ನರ್ ಹಳೇ ಪದರವನ್ನು ಸ್ವಲ್ಪ ಕರಗಿಸಿ ಒಳಗಿನ ನೀರನ್ನು ಬಿಟ್ಟುಕೊಟ್ಟಿತು, ಅಥವಾ ಹಾಗೆಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಮಂಕಂತೂ ಹೋಯಿತು. ಗಾಳಿಮಳೆಗೆ ಕರೆಂಟು ಹೋದ ದಿನ ಡಬ್ಬ ತಣ್ಣಗಾಗಿ ಎಲ್ಲ ಕೆಲಸ ನಿಲ್ಲುತ್ತಿತ್ತು. ಒಮ್ಮೆ ಕಟ್ಟಿಗೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ನೋಡಿದೆ, ಹೊಗೆಯ ಮಸಿ ಕೂತಿತು. ಯುದ್ಧದಿಂದ ಬಂದ ಯಂತ್ರಕ್ಕೆ ಮಸಿ ಒಪ್ಪುತ್ತದೆಂದು ಹಾಗೇ ಬಿಟ್ಟೆ.

ಹಸಿರಿಗೆ ಬ್ರಶ್ಶು ಸಾಕೆಂದುಕೊಂಡಿದ್ದೆ. ಪಾದಕ್ಕೆ ಹಚ್ಚಿ ನೋಡಿದರೆ ಗೆರೆಗೆರೆ. ಅಕ್ರಿಲಿಕ್ಕನ್ನು ಹಾಲಿನಷ್ಟು ತೆಳುಮಾಡಿ ನಾಲ್ಕು ಸಲ ಹಚ್ಚಬೇಕು, ನನ್ನ ತಾಳ್ಮೆ ಎರಡಕ್ಕೆ ಮುಗಿಯುತ್ತಿತ್ತು. ಆಚಾರ್ರು ಶನಿವಾರ ಮಧ್ಯಾಹ್ನ ಬನ್ನಿ ಎಂದರು. ಅವರ ಕಂಪ್ರೆಸರಿಗೆ ದೊಡ್ಡ ಗನ್ನು ಸಿಕ್ಕಿಸಿ ಹೊಡೆದ ಮೊದಲ ಗಾಳಿಗೇ ಮುಳ್ಳಿನ ಭುಜ ಕಡ್ಡಿಯಿಂದ ಹಾರಿ ಕಲಸಿದ ಜೇಡಿಮಣ್ಣಿನ ಬುಟ್ಟಿಗೆ ಬಿತ್ತು. ಗಣಪತಿಯ ಹೊಟ್ಟೆಗೆ ಹೋಗಬೇಕಿದ್ದ ಮಣ್ಣಿನಿಂದ ಅದನ್ನು ಹೆಕ್ಕಿ ತೊಳೆದೆವು. ಆಮೇಲೆ ಅವರು ಒಳಗಿನಿಂದ ಪೆನ್ನಿನಂಥ ಏರ್‌ಬ್ರಶ್ ತಂದರು. ಮೂರ್ತಿಯ ಕೆನ್ನೆಗೆ, ಸೊಂಡಿಲ ಮಡಿಕೆಗೆ ನೆರಳು ಕೊಡುವುದು ಇದರಲ್ಲೇ ಅಂತೆ. ಬಾಯಿ 0.3 ಮಿಲಿಮೀಟರ್. ಬಣ್ಣ ತುಂಬುವ ಮುಂಚೆ ಕಂಪ್ರೆಸರಿನ ಕೆಳಗಿನ ತಿರುಪು ಬಿಚ್ಚಿದರು. ಸುರ್ರೆಂದು ಅರ್ಧ ಲೋಟ ನೀರು ಹೊರಬಂತು. ಬೆಳಗ್ಗೆಯಷ್ಟೇ ಖಾಲಿ ಮಾಡಿದ್ದರಂತೆ. ಆ ನೀರು ಬಣ್ಣದೊಡನೆ ಬಂದರೆ ಮುಖದ ಮೇಲೆ ಸಿಡುಬಿನ ಕಲೆ ಬಿದ್ದಂತೆ.

ಅತ್ತೆಯ ಪ್ರಶ್ನೆಗೆ ಉತ್ತರ ಆ ಮಧ್ಯಾಹ್ನ ಸಿಕ್ಕಿತು. ಆಚಾರ್ರು ಎದೆಯ ತುಂಡಿನ ಅಂಚುಗಳಿಗೆ, ಸಂದುಗಳಿಗೆ ಮೊದಲು ಕಪ್ಪು ಹೊಡೆದರು. ಅದರ ಮೇಲೆ ಹಸಿರನ್ನು ನಡುವಿನಿಂದ ಶುರು ಮಾಡಿ ಅಂಚಿಗೆ ಬರುಬರುತ್ತ ತೆಳುವಾಗಿಸಿದರು. ಕಪ್ಪು ಅಡಿಯಿಂದ ಇಣುಕಿತು. ಅದೇ ಹಸಿರಿಗೆ ಒಂದು ಹನಿ ಹಳದಿ ಬೆರೆಸಿ ನಟ್ಟನಡುವೆ ಉಸಿರು ತಾಕಿಸಿದಷ್ಟು ಕೊಟ್ಟರು. ಅಷ್ಟೇ. ಬೆರಳುಗುರಿನಷ್ಟು ಪ್ಲಾಸ್ಟಿಕ್ಕು ಉಬ್ಬಿ ಕಬ್ಬಿಣವಾಯಿತು. ಈ ಹವ್ಯಾಸದವರು ಇದಕ್ಕೆ ಪ್ರಿ-ಶೇಡಿಂಗ್ ಎನ್ನುತ್ತಾರೆ, ಮಗ ಕಳಿಸಿದ ವಿಡಿಯೊಗಳಲ್ಲಿ ಅರ್ಧ ಅದೇ. ಆಚಾರ್ರಿಗೆ ಆ ಹೆಸರು ಗೊತ್ತಿಲ್ಲ. ಇಷ್ಟು ಸಣ್ಣ ಸಾಮಾನಿಗೆ ನಿಜವಾದ ಬೆಳಕು ಸಾಕಾಗುವುದಿಲ್ಲ, ನೆರಳನ್ನು ನಾವೇ ಬರೆದುಕೊಡಬೇಕು. ಹಸಿರಿನ ಮೇಲೆ ಹಸಿರು ಅದಕ್ಕೆ. ಮನೆಗೆ ಬಂದು ಅತ್ತೆಗೆ ಎರಡು ತುಂಡು, ಹಚ್ಚಿದ್ದೂ ಹಚ್ಚದ್ದೂ, ಪಕ್ಕಪಕ್ಕ ಇಟ್ಟು ತೋರಿಸಿದೆ. ನೋಡಿ "ಹೂಂ" ಎಂದರು. ಹಪ್ಪಳದ ಡಬ್ಬದ ವಿಚಾರ ಎತ್ತಿದರು.

ಉಳಿದ ತುಂಡುಗಳಿಗೆ ನಾನೇ ಹೊಡೆದೆ, ನಾಲ್ಕು ಶನಿವಾರ. ಮೊದಲ ಶನಿವಾರದ್ದು ಎಡಗಾಲು, ಕೊನೆಯದ್ದು ತಲೆ. ನೋಡಿದವರಿಗೆ ಗೊತ್ತಾಗುತ್ತದೆ, ಕೆಳಗಿನಿಂದ ಮೇಲಕ್ಕೆ ಹೋದಂತೆ ಕೈ ಕುದುರಿದೆ.

ತುಂಡುಗಳ ಮೈಮೇಲಿನ ಗೀರುಗಳಿಗೆ ಕಪ್ಪು ಗೆರೆ ತುಂಬುವುದು ಇಡೀ ಕೆಲಸದಲ್ಲೇ ಖುಷಿಯದ್ದು. ಎನಾಮೆಲ್ ಬಣ್ಣವನ್ನು ನೀರಿನಂತೆ ತೆಳುಮಾಡಿ ಬ್ರಶ್ಶಿನ ತುದಿ ತಾಗಿಸಿದರೆ ಗೀರಿನುದ್ದಕ್ಕೂ ತಾನೇ ಓಡುತ್ತದೆ. ಆದರೆ ಎನಾಮೆಲ್ ಥಿನ್ನರ್ ಬಿಗಿಯಾಗಿ ಕೂತ ಕೀಲಿಗೆ ಇಳಿದರೆ ಪ್ಲಾಸ್ಟಿಕ್ಕು ಬಿರುಕು ಬಿಡುತ್ತದೆ. ಮೊಣಕಾಲಿನ ಪಾಠ ಕಲಿತಿದ್ದರಿಂದ ಈ ಸಲ ಮೊದಲೇ ಓದಿಕೊಂಡೆ: ತುಂಡುಗಳು ಬಿಡಿಯಾಗಿರುವಾಗಲೇ, ಹೊಳಪಿನ ಪಾರದರ್ಶಕ ಪದರವೊಂದನ್ನು ಕೊಟ್ಟ ಮೇಲೆಯೇ ತುಂಬಿದೆ. ಏನೂ ಒಡೆಯಲಿಲ್ಲ. ಹೊಳಪು ಅಡಗಿಸುವ ಕೊನೆಯ ಮ್ಯಾಟ್ ಪದರಕ್ಕೆ ಶ್ರಾವಣದ ಬಿಸಿಲಿಗಾಗಿ ಕಾದೆ. ಅದಕ್ಕೆ ಬೂದಿ ಬಡಿದರೆ ನಾಲ್ಕು ಶನಿವಾರವೂ ಮಣ್ಣುಪಾಲು. ಗಾಳಿ ಒಣಗಿ ಎರಡು ಥರ್ಮಾಮೀಟರಿನ ನಡುವೆ ಐದು ಡಿಗ್ರಿ ಅಂತರ ಬಂದ ಒಂದು ಮಧ್ಯಾಹ್ನ ಶಾಲೆಗೆ ಅರ್ಧ ದಿನ ರಜೆ ಹಾಕಿದೆ. ಕಾರಣದ ಜಾಗದಲ್ಲಿ "ಮನೆಗೆಲಸ" ಎಂದು ಬರೆದೆ.

ಕಣ್ಣು ಉಳಿದಿತ್ತು. ಡಬ್ಬಿಯಲ್ಲಿ ಕಣ್ಣಿಗೆಂದು ಕೊಟ್ಟಿದ್ದ ಗುಲಾಬಿ ಸ್ಟಿಕ್ಕರ್ ಜೂನ್‌ನಲ್ಲೇ ತೇವಕ್ಕೆ ಮುದುಡಿ ಎಲ್ಲೋ ಅಂಟಿಕೊಂಡು ಹೋಗಿತ್ತು. ಆಚಾರ್ರಲ್ಲಿ ಹೋದಾಗ ಅವರು ಗಣಪತಿಗಳ ಕಣ್ಣು ಬರೆಯುತ್ತಿದ್ದರು. ಅದು ಎಲ್ಲದರ ಕೊನೆಗೆ, ಆ ಹೊತ್ತಿನಲ್ಲಿ ಅವರು ಮಾತಾಡುವುದಿಲ್ಲ. ಮುಗಿಯುವವರೆಗೆ ಜಗಲಿಯಲ್ಲಿ ಕೂತಿದ್ದೆ. ಎದ್ದುಬಂದು, ಕಿರೀಟಕ್ಕೆ ಅಂಟಿಸಿ ಮಿಕ್ಕ ಬೆಳ್ಳಿ ಬೇಗಡೆಯ ಚೂರೊಂದನ್ನು ತೆಗೆದು, ಕಾಗದಕ್ಕೆ ತೂತು ಹಾಕುವ ಸೂಜಿಯಂಥ ಕೊಳವೆಯಿಂದ ಸಾಸಿವೆಗಿಂತ ಸಣ್ಣ ಚುಕ್ಕೆ ಕತ್ತರಿಸಿದರು. ಅದನ್ನು ಕಣ್ಣಿನ ಗುಳಿಯಲ್ಲಿ ಕೂರಿಸಿ ಮೇಲೆ ತಾವರೆಗೆ ಹಚ್ಚುವ ಗುಲಾಬಿಯನ್ನು ತೆಳುವಾಗಿ ಒಂದು ಹನಿ ಇಟ್ಟೆ. ಬೆಳಕು ತಾಗಿದರೆ ಒಳಗಿನಿಂದ ಹೊಳೆಯುತ್ತದೆ. ದುಡ್ಡು ಕೇಳಿದರೆ, "ಇದಕ್ಕೆಲ್ಲ ಲೆಕ್ಕ ಎಂತ ಮಾಡೂದು ಅಕ್ಕೋರೆ, ಮೊಮ್ಮಗಂಗೆ ಭಿನ್ನರಾಶಿ ಹೇಳ್ಕೊಡಿ" ಎಂದರು. ಈಗ ಪ್ರತಿ ಭಾನುವಾರ ಬರುತ್ತಾನೆ.

ಚೌತಿಯ ಹಿಂದಿನ ದಿನ ಮಗ ಬಂದ. ಜಾಕುವನ್ನು ಕೈಗೆತ್ತಿಕೊಂಡು, ಕತ್ತು ತಿರುಗಿಸಿ, ಮೊಣಕಾಲಿನ ಹೆಬ್ಬೆರಳ ಗುರುತನ್ನು ನೋಡಿ, "ಇದೆಂತ ಗುಂಡು ತಾಗಿದ ಗಾಯನ?" ಎಂದ. ಹೌದೆಂದೆ.

ಹಬ್ಬ ಮುಗಿದ ಮೇಲೆ ಅತ್ತೆಗೆ ಡಬ್ಬ ವಾಪಸ್ ಕೊಡಲು ಹೋದೆ. ಮೂರು ಸಲ ಸೀಗೆಪುಡಿ ಹಾಕಿ ತೊಳೆದಿದ್ದೆ, ಬಿಸಿಲಿಗೆ ಇಟ್ಟಿದ್ದೆ. ಅತ್ತೆ ಮುಚ್ಚಳ ತೆಗೆದು ಮೂಗು ಹತ್ತಿರ ತಂದು, ತೂತುಗಳನ್ನು ಎಣಿಸಿ, ಏನೂ ಹೇಳದೆ ನನ್ನ ಕೈಗೇ ಕೊಟ್ಟರು. ಪೇಟೆಗೆ ಹೋಗಿ ಹೊಸ ಡಬ್ಬ ತಂದೆ, ಮೊದಲಿನದಕ್ಕಿಂತ ಒಂದು ಗಾತ್ರ ದೊಡ್ಡದು. ಉಳಿದ ಹಸಿರಿನಲ್ಲಿ ಅದರ ಮುಚ್ಚಳದ ಮೇಲೆ ಹೆಸರು ಬರೆದುಕೊಡು ಎಂದರು. ಎದುರು ಕೂತು, ಒಂದೊಂದೇ ಅಕ್ಷರ ಹೇಳಿ ಬರೆಸಿದರು: ಹಪ್ಪಳಕ್ಕೆ ಮಾತ್ರ.